ಹುಲಿ ನೋಡಲು ಹೋದ ಟಗರು

ಕಾಡು ಮುಗಿದು ಹೊಲ ಶುರುವಾಗುವ ಕಡೆ ಒಂದು ಕುರಿಹಟ್ಟಿ ಇತ್ತು, ಮಕ್ಕಳೇ. ಆ ಹಟ್ಟಿಯಲ್ಲಿ ಬೀರಣ್ಣ ಎಂಬ ಟಗರು ಇದ್ದ. ತಿರುಚಿದ ಕೊಂಬು, ಅಗಲವಾದ ಹಣೆ, ನೋಡಿದರೆ ದೊರೆಯ ಠೀವಿ. ಹಣೆಯ ಹಿಂದೆ ಏನಿದೆ ಎಂದು ಮಾತ್ರ ಯಾರೂ ವಿಚಾರಿಸಿರಲಿಲ್ಲ. ಟಗರನ್ನು ಅದನ್ನೆಲ್ಲ ಯಾರು ಕೇಳುತ್ತಾರೆ?

ಬೀರಣ್ಣನಿಗೆ ಮೇವಿಗೆ ಕೊರತೆ ಇರಲಿಲ್ಲ, ನೀರಿಗೂ ಇರಲಿಲ್ಲ. ಇದ್ದದ್ದು ಒಂದೇ ಸಂಕಟ. ಪಕ್ಕದ ಕೊಟ್ಟಿಗೆಯ ಎಮ್ಮೆ ಪುಟ್ಟೀರಮ್ಮ ಹೋದ ವರ್ಷ ದಾರಿ ತಪ್ಪಿ ಕಾಡಿಗೆ ಹೋಗಿ, ಹುಲಿಯನ್ನು ಕಂಡು, ಬಾಲ ಎತ್ತಿಕೊಂಡು ಓಡಿ ಬಂದಿದ್ದಳು. ಅಂದಿನಿಂದ ಸಂಜೆ ನೀರಿನ ತೊಟ್ಟಿಯ ಹತ್ತಿರ ಅವಳದೇ ದರ್ಬಾರು. ಅವಳು ಆ ಕತೆ ಹೇಳುತ್ತಿದ್ದರೆ ಇಡೀ ಮಂದೆ ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ಹೇಳಿದಷ್ಟು ಸಲವೂ ಹುಲಿ ಒಂದೊಂದು ಗೇಣು ಬೆಳೆಯುತ್ತಿತ್ತು. ಇತ್ತ ಬೀರಣ್ಣ ಮಾತು ಶುರುಮಾಡಿದರೆ ಕೇಳಲು ನೊಣವೂ ನಿಲ್ಲುತ್ತಿರಲಿಲ್ಲ. ತಾನೂ ಹುಲಿ ನೋಡಿ ಬಂದು ಅದಕ್ಕಿಂತ ದೊಡ್ಡ ಕತೆ ಹೇಳದಿದ್ದರೆ ಈ ಕೊಂಬು ಹೊತ್ತು ಏನು ಬಂತು ಎಂದು ಅವನು ಒಳಗೊಳಗೇ ಕುದಿಯುತ್ತಿದ್ದ.

ಆ ಕಾಡಿನಲ್ಲಿ ಜವರಯ್ಯ ಎಂಬ ನರಿ ಸಫಾರಿ ನಡೆಸುತ್ತಿದ್ದ. ಜೀಪಿನಲ್ಲಿ ಬರುವ ಮನುಷ್ಯರನ್ನು ಪೊದೆಯ ಮರೆಯಿಂದ ನೋಡಿ ನೋಡಿ ಕಲಿತ ವಿದ್ಯೆ ಅದು. ಹೊಲದ ಬೇಲಿಯಲ್ಲಿ ಕಂಡಿ ಎಲ್ಲಿದೆ ಎಂದು ತೋರಿಸಿದವರಿಗೆ ಅವನು ಕಾಡು ತೋರಿಸುತ್ತಿದ್ದ. ಬೀರಣ್ಣ ತನ್ನ ಒಡೆಯನ ಕಬ್ಬಿನ ಹೊಲದ ಕಂಡಿಯನ್ನು ನರಿಗೆ ಒಪ್ಪಿಸಿ, ಸಫಾರಿ ಗೊತ್ತುಮಾಡಿಕೊಂಡು ಬಂದ. ನಾಳೆ ಸಾಕ್ಷಿ ಹೇಳಲು ಬೇಕಲ್ಲ ಎಂದು ಏಳೆಂಟು ಕುರಿಗಳನ್ನೂ ಹೊರಡಿಸಿದ.

ಅವನ ಅಕ್ಕ ಕೆಂಚಮ್ಮ ಬೇಡವೆಂದಳು. "ಹುಲಿ ನಮ್ಮನ್ನ ನೋಡದೆ ಇರೋದೇ ನಮ್ಮ ಪುಣ್ಯ ಕಣೋ. ನಾವಾಗೇ ಹೋಗಿ ನೋಡೋದು ಯಾವ ಸೀಮೆ ಬುದ್ಧಿ?"

ಬೀರಣ್ಣ ಆ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುವ ಗಾದೆ ಹುಟ್ಟಿದ್ದು ಇಂಥವರನ್ನು ಕಂಡೇ ಇರಬೇಕು. ಹೆತ್ತವ್ವ ಇಲ್ಲದ ತಮ್ಮ, ಒಬ್ಬನನ್ನೇ ಕಳಿಸುವುದು ಹೇಗೆ ಎಂದು ಕೆಂಚಮ್ಮನೂ ಹಿಂದೆ ಹೊರಟಳು.

ಕಾಡಿನ ಅಂಚಿನಲ್ಲಿ ಜವರಯ್ಯ ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳಿದ. ಸಾಲು ಬಿಡಬಾರದು, ಕೂಗಬಾರದು, ಬಂಡೆ ಹತ್ತಿದ ಮೇಲೆ ಕೆಳಗೆ ಇಳಿಯಬಾರದು. ಕುರಿಗಳೆಲ್ಲ ತಲೆಯಾಡಿಸಿದವು. ತಲೆಯಾಡಿಸುವುದರಲ್ಲಿ ಕುರಿಗಳನ್ನು ಮೀರಿಸಿದವರಿಲ್ಲ.

ಸ್ವಲ್ಪ ದೂರದಲ್ಲಿ ನವಿಲು ಗರಿ ಬಿಚ್ಚಿ ಕುಣಿಯುತ್ತಿತ್ತು. ಜವರಯ್ಯ ನಿಂತು ತೋರಿಸಿದ. ಹಟ್ಟಿಯಲ್ಲಿ ಬೇಕಾದಷ್ಟು ಕೋಳಿಗಳಿವೆ, ಮುಂದೆ ನಡಿ ಎಂದ ಬೀರಣ್ಣ. ಮುಂದೆ ಒಂದು ಆನೆ ತನ್ನ ಮರಿಗೆ ಮೈಮೇಲೆ ಮಣ್ಣು ಎರಚಿಕೊಳ್ಳುವುದನ್ನು ಕಲಿಸುತ್ತಿತ್ತು. ಮರಿ ಎರಚಿದ ಮಣ್ಣೆಲ್ಲ ತಾಯಿಯ ಕಣ್ಣಿಗೇ ಬೀಳುತ್ತಿತ್ತು. ಕುರಿಗಳು ಇನ್ನೇನು ನಗಬೇಕು, ಅಷ್ಟರಲ್ಲಿ ಬೀರಣ್ಣ ಗೊರಸು ಬಡಿದು, ಹೊತ್ತಾಯಿತು ಎಂದು ಗದರಿದ. ಹುಲಿಯ ಹೆಜ್ಜೆ ಗುರುತು ತೋರಿಸಿದರೆ, ತಾನು ಪಾದಪೂಜೆಗೆ ಬಂದಿಲ್ಲ ಎಂದ. ಹುಲಿ ಉಗುರಿನಿಂದ ಕೆರೆದ ಮರ ತೋರಿಸಿದರೆ, ಅದನ್ನು ನೀನೇ ಕೆರೆದಿರಬೇಕು ಎಂದ. ಜವರಯ್ಯನ ಮುಖ ಸಪ್ಪಗಾಯಿತು. ಅವನು ಒಂದು ಮರವನ್ನು ಕೆರೆದಿಟ್ಟಿದ್ದದ್ದು ನಿಜ, ಆದರೆ ಅದು ಇನ್ನೂ ಮುಂದೆ ಇತ್ತು.

ಕಡೆಗೆ ಎಲ್ಲರೂ ಒಂದು ಎತ್ತರದ ಬಂಡೆ ಹತ್ತಿದರು. ಕೆಳಗೆ ಕೊಳ. ಕೊಳದ ದಂಡೆಯ ನೆರಳಿನಲ್ಲಿ ಹುಲಿ ಮಲಗಿತ್ತು.

ಒಂದು ಗಳಿಗೆ ಯಾರಿಗೂ ಉಸಿರಾಡುವುದೇ ಮರೆತುಹೋಯಿತು. ಅಂಥ ತಲೆ, ಅಂಥ ಬಣ್ಣ, ಅಂಥ ಪಂಜ ಅವರ ಹಟ್ಟಿಯಲ್ಲಿ ಯಾರೂ ಕಂಡಿರಲಿಲ್ಲ. ಬೀರಣ್ಣನಿಗೂ ಮೈ ಜುಮ್ಮೆಂದಿತು. ಆಗಲೇ ಅವನು ತಿರುಗಿ ಮನೆಗೆ ಹೊರಟಿದ್ದರೆ ಈ ಕತೆ ಇಲ್ಲಿಗೇ ಮುಗಿದು, ನೀವೆಲ್ಲ ಆಡಲು ಹೋಗಬಹುದಿತ್ತು.

ಆದರೆ ಹುಲಿ ಏನೂ ಮಾಡಲಿಲ್ಲ. ಒಮ್ಮೆ ಬಾಲದಿಂದ ನೊಣ ಓಡಿಸಿತು, ಒಮ್ಮೆ ಆಕಳಿಸಿತು, ಮತ್ತೆ ಮಲಗಿತು. ಬೀರಣ್ಣನಿಗೆ ಚಿಂತೆ ಹತ್ತಿತು. ಸಂಜೆ ತೊಟ್ಟಿಯ ಹತ್ತಿರ ಏನೆಂದು ಹೇಳುವುದು? ಹುಲಿ ಮಲಗಿತ್ತು, ನೋಡಿದೆವು, ಬಂದೆವು ಎಂದೇ? ಪುಟ್ಟೀರಮ್ಮನ ಹುಲಿಯಾದರೋ ಗರ್ಜಿಸಿತ್ತು, ಹಾರಿತ್ತು, ಅಟ್ಟಿಸಿಕೊಂಡು ಬಂದಿತ್ತು.

"ಇಷ್ಟೇನಾ?" ಎಂದ.

"ನಿನ್ನೆ ತಾನೇ ಕಡವೆ ತಿಂದು ಮಲಗಿದೆ ಸ್ವಾಮಿ," ಎಂದು ಜವರಯ್ಯ ಪಿಸುಗುಟ್ಟಿದ. "ಅದಕ್ಕೇ ನಿಮ್ಮನ್ನ ಇವತ್ತು ಕರಕೊಂಡು ಬಂದದ್ದು. ಕಣ್ತುಂಬ ನೋಡಿ, ಹೊರಡೋಣ."

ಬೀರಣ್ಣ ಕಾಲಿನಿಂದ ಒಂದು ಕಲ್ಲನ್ನು ಕೆಳಕ್ಕೆ ಉರುಳಿಸಿದ. ಹುಲಿ ಒಂದು ಕಣ್ಣು ತೆರೆಯಿತು, ಕಲ್ಲನ್ನು ನೋಡಿತು, ಕಣ್ಣು ಮುಚ್ಚಿತು. ಇದಂತೂ ಬೀರಣ್ಣನ ಮೈಯೆಲ್ಲ ಉರಿಸಿತು. ಕಲ್ಲಿಗೆ ಸಿಕ್ಕ ಮರ್ಯಾದೆ ತನಗೆ ಸಿಗಲಿಲ್ಲವಲ್ಲ ಎಂದು ಅವನು ಸರಸರನೆ ಬಂಡೆ ಇಳಿಯತೊಡಗಿದ.

"ಬೀರಾ, ಬೇಡ ಕಣೋ," ಎಂದಳು ಕೆಂಚಮ್ಮ. "ಕಂಡಾಯ್ತಲ್ಲ, ಬಾ ಮನೆಗೆ ಹೋಗೋಣ."

ಅವನು ತಿರುಗಿಯೂ ನೋಡಲಿಲ್ಲ. ಕೊಳದ ಹತ್ತಿರ ಬಂದು ಕೆಮ್ಮಿದ.

"ಯಾರಪ್ಪಾ?" ಎಂದಿತು ಹುಲಿ, ಕಣ್ಣು ತೆರೆಯದೆ.

ಬೀರಣ್ಣ ಗಂಟಲು ಸರಿಮಾಡಿಕೊಂಡ. ತಾವೆಲ್ಲ ಬಹಳ ದೂರದಿಂದ ಬಂದಿರುವುದಾಗಿಯೂ, ಬಂದವರ ಮುಂದೆ ಹೀಗೆ ಬಿದ್ದುಕೊಂಡಿರುವುದು ಹುಲಿಯಂಥ ಹುಲಿಗೆ ಶೋಭೆಯಲ್ಲವೆಂದೂ, ಒಂದು ಗರ್ಜನೆ ಮತ್ತು ಚೂರು ಓಟವನ್ನಾದರೂ ದಯಪಾಲಿಸಬೇಕೆಂದೂ ಬಿನ್ನವಿಸಿಕೊಂಡ.

ಹುಲಿ ಎದ್ದು ಕುಳಿತು ಮೈ ಮುರಿಯಿತು. ಇಷ್ಟು ದಿನದಲ್ಲಿ ಯಾವ ಟಗರೂ ಅದನ್ನು ನಿಂತು ಮಾತಾಡಿಸಿರಲಿಲ್ಲ. "ಗರ್ಜನೆಗೇನು, ಆಗಬಹುದು," ಎಂದಿತು. "ಆದರೆ ಸುಮ್ಮಸುಮ್ಮನೆ ಓಡಿ ನನಗೆ ಅಭ್ಯಾಸ ಇಲ್ಲ ನೋಡು. ಮುಂದೆ ಯಾರಾದರೂ ಓಡ್ತಾ ಇದ್ದರೆ, ಹೊಟ್ಟೆ ತುಂಬಿದ್ದರೂ ಕಾಲು ಸುಮ್ಮನಿರಲ್ಲ."

"ಅಷ್ಟೇ ತಾನೇ?" ಎಂದ ಬೀರಣ್ಣ. "ನಾನೇ ಓಡ್ತೀನಿ ಬಿಡಿ."

ಓಡುವ ಮೊದಲು ಒಮ್ಮೆ ಬಂಡೆಯ ಕಡೆ ತಿರುಗಿ, ತನ್ನ ಸಾಕ್ಷಿಗಳೆಲ್ಲ ನೋಡುತ್ತಿವೆ ಎಂಬುದನ್ನು ಖಚಿತ ಮಾಡಿಕೊಂಡ. ಎಲ್ಲವೂ ಕಣ್ಣು ಮಿಟುಕಿಸದೆ ನೋಡುತ್ತಿದ್ದವು. ಆಮೇಲೆ ಕೊಂಬು ಮೇಲೆತ್ತಿ ಓಡಿದ.

ಹುಲಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಗರ್ಜಿಸಿತು, ಹಾರಿತು, ಅಟ್ಟಿಸಿಕೊಂಡು ಹೋಯಿತು. ಪುಟ್ಟೀರಮ್ಮನ ಹುಲಿ ಮಾಡಿದ್ದನ್ನೆಲ್ಲ ಮಾಡಿ, ಆ ಹುಲಿ ಮಾಡದೆ ಬಿಟ್ಟಿದ್ದ ಒಂದನ್ನೂ ಮಾಡಿತು. ಬೀರಣ್ಣ ಕೊಳದ ಆಚೆ ದಂಡೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಜವರಯ್ಯ ಕುರಿಗಳನ್ನು ಹಿಂದಿನ ದಾರಿಯಿಂದ ದಡದಡನೆ ಇಳಿಸಿ, ಕಾಡಿನ ಅಂಚಿಗೆ ತಂದು ಬಿಟ್ಟ. ದಾರಿಯುದ್ದಕ್ಕೂ ಅತ್ತವಳು ಕೆಂಚಮ್ಮ ಒಬ್ಬಳೇ. ಉಳಿದವರಿಗೆ ಉಸಿರು ಹಿಡಿತಕ್ಕೆ ಬಂದದ್ದೇ ತಡ, ಬಾಯಿಯೂ ಬಂತು. ಎಂಥ ನೆಗೆತ ಎಂದಿತು ಒಂದು ಕುರಿ. ಗರ್ಜನೆ ಇನ್ನೂ ಕಿವಿಯಲ್ಲೇ ಇದೆ ಎಂದಿತು ಮತ್ತೊಂದು. ಹಿಂದಿನ ಸಾಲಿನಲ್ಲಿ ನಿಂತಿದ್ದ ಒಂದು ಕುರಿಯಂತೂ ಮುಖ ಊದಿಸಿಕೊಂಡು ಜವರಯ್ಯನ ಮೇಲೆ ಜಗಳಕ್ಕೇ ಬಂತು.

"ನನಗೆ ಪೊದೆ ಅಡ್ಡ ಬಂತು ಕಣಯ್ಯ. ಕೊನೇದು ಏನೂ ಕಾಣಲಿಲ್ಲ. ನಾಳೆ ಇನ್ನೊಂದು ಸಲ ಓಡಿಸ್ತೀಯಾ?"

ಕೆಂಚಮ್ಮ ಕಣ್ಣೊರೆಸಿಕೊಂಡು ಅಲ್ಲೇ ನಿಂತಳು. "ಓಡಿಸ್ತಾನೆ ಕಣಮ್ಮ," ಎಂದಳು. "ಮುಂದೆ ಓಡೋರು ಯಾರು ಅಂತ ನೀವು ನೀವೇ ಮಾತಾಡಿಕೊಂಡು ಹೇಳಿಬಿಡಿ."

ಅಲ್ಲಿಂದ ಹಟ್ಟಿಯವರೆಗೆ ಕುರಿಗಳೆಲ್ಲ ಒಂದರ ಹಿಂದೊಂದು ಸರಿಯುತ್ತಲೇ ನಡೆದವು. ಬೀರಣ್ಣ ಬಯಸಿದ್ದಂಥ ಕತೆ ಕಡೆಗೂ ಹುಟ್ಟಿತ್ತು. ಅದನ್ನು ಹೇಳಲು ಅವನು ಇರಲಿಲ್ಲ, ಅಷ್ಟೆ.

ನೀತಿ: ಕಂಡದ್ದು ಸಾಲದೆ, ಹೇಳಿಕೊಂಡು ಮೆರೆಯಲೆಂದು ಅಪಾಯವನ್ನು ತಟ್ಟಿ ಎಬ್ಬಿಸುವವನ ಕತೆಯನ್ನು ಬೇರೆಯವರೇ ಹೇಳಬೇಕಾಗುತ್ತದೆ.