ಬೆರಳಿನಿಂದ ಹತ್ತಿದ ಬೆಟ್ಟ

"ಗುರುಗಳೇ, ಧ್ಯಾನಕ್ಕೆ ಕುಳಿತರೆ ಈಗೀಗ ಬಹಳ ಎತ್ತರಕ್ಕೆ ಹೋಗಿಬಿಟ್ಟಿದ್ದೇನೆ ಅನ್ನಿಸುತ್ತದೆ. ಊರಿನವರೂ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ. ನಾನು ನಿಜವಾಗಿ ಮೇಲೆ ಹೋಗಿದ್ದೇನೆಯೇ?" ಎಂದು ಶಿಷ್ಯ ಕೇಳಿದ.

ಕೇಳುವಾಗಲೇ ಉತ್ತರ ಅವನ ಮುಖದ ಮೇಲಿತ್ತು. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ಶುರುಮಾಡಿದರು.

ಒಂದು ಹೊಳೆಯ ದಂಡೆಯಲ್ಲಿ ದನಗಾಹಿಗಳ ಹಟ್ಟಿಯಿತ್ತು. ಪ್ರತಿ ಮಳೆಗಾಲದಲ್ಲೂ ಹೊಳೆ ಹಟ್ಟಿಯೊಳಗೆ ನುಗ್ಗಿ ಕರುಗಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮುಂದಿನ ಮಳೆಗೆ ಮೊದಲು ಎತ್ತರದ ಜಾಗ ಸೇರಿಬಿಡಬೇಕು ಎಂದು ಎಲ್ಲರೂ ನಿಶ್ಚಯಿಸಿದರು. ಜಾಗ ಹುಡುಕುವ ಹೊಣೆ ಹಟ್ಟಿಯ ಹಿರಿಯನ ಮೇಲೆ ಬಿತ್ತು.

ಹಿರಿಯನ ಬಳಿ ಒಂದು ನಕ್ಷೆಯಿತ್ತು. ನೆಲ ಅಳೆಯಲು ಬಂದವನೊಬ್ಬ ಅವನ ಮನೆಯ ಮಜ್ಜಿಗೆ ಕುಡಿದು, ಸಂತೋಷಪಟ್ಟು ಕೊಟ್ಟು ಹೋಗಿದ್ದ. ಓದುವ ಬಗೆಯನ್ನೂ ಹೇಳಿಕೊಟ್ಟಿದ್ದ. ಒಂದು ಗೆರೆ ಎಂದರೆ ಒಂದೇ ಎತ್ತರ. ಅದರ ಮೇಲೆಯೇ ನಡೆದರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗೆರೆಗಳು ಒತ್ತೊತ್ತಾಗಿದ್ದರೆ ನೆಲ ಕಡಿದು. ದೂರ ದೂರ ಇದ್ದರೆ ದನ ಆರಾಮವಾಗಿ ನಡೆಯುವ ಜಾಗ. ಸುತ್ತಿನೊಳಗೆ ಸುತ್ತು, ಅದರೊಳಗೆ ಮತ್ತೊಂದು ಸುತ್ತು ಬಂದರೆ ಬೆಟ್ಟ. ಪಾಠ ಅಲ್ಲಿಗೆ ನಿಂತಿತು. ಅಳೆಯುವವನಿಗೆ ಮುಂದಿನ ಊರಿಗೆ ಹೋಗುವ ಅವಸರ, ಹಿರಿಯನಿಗೋ ಇಷ್ಟು ಸಾಕೆನ್ನಿಸಿತ್ತು.

ಅವನು ದಡ್ಡನಲ್ಲ. ಹಟ್ಟಿಯ ಹಿಂದಿನ ಕಲ್ಲುಗುಡ್ಡವನ್ನು ಹತ್ತಿ, ನಕ್ಷೆಗೆ ಹೋಲಿಸಿ ನೋಡಿದ. ಎಲ್ಲಿಯೂ ತಪ್ಪಿರಲಿಲ್ಲ. ಕಾಗದದ ಮೇಲೆ ಬೆಟ್ಟ ಮಲಗಿರುವುದನ್ನು ಕಂಡು ಅವನು ಮರುಳಾಗಿ ಹೋದ.

ಕಾಡಿನ ಆಚೆ, ಹಟ್ಟಿಯವರು ಯಾರೂ ಹೋಗದ ಕಡೆ, ನಕ್ಷೆಯಲ್ಲಿ ದೊಡ್ಡ ದೊಡ್ಡ ಸುತ್ತುಗಳಿದ್ದವು. ಸುತ್ತುಗಳ ಒಳ ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಹುಟ್ಟಿದಾಗಿನಿಂದ ದನ ಮೇಯಿಸಿದವನ ಕಣ್ಣಿಗೆ ಅವು ಬೇರೇನಾಗಿ ಕಾಣಬೇಕು? ಹುಲ್ಲು ಎಂದುಕೊಂಡ. ಬೆಟ್ಟ, ಬೆಟ್ಟದ ತುಂಬ ಹುಲ್ಲು! ಅವನ ಎದೆ ತುಂಬಿ ಬಂತು.

ಅಂದಿನಿಂದ ಊಟವಾದ ಮೇಲೆ ಜಗಲಿಯಲ್ಲಿ ನಕ್ಷೆ ಹಾಸಿಕೊಳ್ಳುವುದೇ ಅವನ ಕೆಲಸವಾಯಿತು. ಹೊರಗಿನ ಸುತ್ತಿನಲ್ಲಿ ಬೆರಳಿಟ್ಟು ಮೆಲ್ಲಗೆ ಹತ್ತುತ್ತಿದ್ದ. ಗೆರೆಗಳು ಒತ್ತಾದ ಕಡೆ ಅವನಿಗೆ ಏದುಸಿರು ಬರುತ್ತಿತ್ತು. ನಡುವಿನ ಸುತ್ತು ತಲುಪಿ ಕಣ್ಣು ಮುಚ್ಚಿದರೆ, ಹೊಳೆ ಎಲ್ಲೋ ಕೆಳಗೆ ನೂಲಿನಷ್ಟು ತೆಳ್ಳಗೆ ಕಾಣುತ್ತಿತ್ತು. ಮೋಡಗಳು ಮೆಲುಕು ಹಾಕುವ ಹಸುಗಳಂತೆ ಅವನ ಕಾಲ ಬಳಿ ಮಲಗಿರುತ್ತಿದ್ದವು. ಒಮ್ಮೆ ಹೋಗಿ ನೋಡಿ ಬರೋಣ ಎಂದು ಹಟ್ಟಿಯವರು ಹೇಳಿದರೆ, ತಾನು ದಿನಾ ಹೋಗಿ ಬರುತ್ತಿದ್ದೇನಲ್ಲ ಎನ್ನುತ್ತಿದ್ದ. ಅದು ಸುಳ್ಳೆಂದು ಅವನಿಗೆ ಅನ್ನಿಸುತ್ತಲೇ ಇರಲಿಲ್ಲ.

ಗಂಟುಮೂಟೆ ಕಟ್ಟಿ ಹೊರಟ ದಿನ ದಟ್ಟ ಮಂಜು ಕವಿದಿತ್ತು. ಮುಂದೆ ನಡೆಯುವವನ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಾಡು ದಾಟಿದ ಮೇಲೆ ಹೊರೆ ಹೊತ್ತ ಎತ್ತುಗಳು ತಾವಾಗಿಯೇ ಬಿರುಸಾದವು. ಹತ್ತುವ ದಾರಿಯಲ್ಲಿ ಯಾವ ಎತ್ತು ಓಡುತ್ತದೆ? ಹಿರಿಯ ಮಾತ್ರ, ಅವಕ್ಕೆ ಹುಲ್ಲಿನ ವಾಸನೆ ಬಡಿದಿದೆ ಎಂದು ಹಿಗ್ಗಿದ.

ಹೆಂಡತಿ ಅವನ ಪಕ್ಕಕ್ಕೆ ಬಂದಳು. "ನನ್ನ ಮಂಡಿ ಇಳಿಯೋವಾಗ ಮಾತ್ರ ನೋಯುತ್ತೆ, ಹತ್ತೋವಾಗ ನೋಯಲ್ಲ. ಈಗ ನೋಯ್ತಾ ಇದೆ ಕಣ್ರೀ."

"ನಿನ್ನ ಮಂಡಿಗೆ ನಕ್ಷೆ ಓದೋಕೆ ಬರುತ್ತಾ? ಸುಮ್ಮನೆ ನಡಿ" ಎಂದು ಅವನು ನಕ್ಕ. ಅವಳು ಮಂಡಿ ಹಿಡಿದುಕೊಂಡು ನಡೆದಳು.

ತಲುಪಿದರು. ಮಂಜು ಸರಿದ ಮೇಲೆ ನೋಡಿದರೆ ಸುತ್ತಲೂ ಮರಗಳು ಒಂದರ ಮೇಲೊಂದು ಎದ್ದು ನಿಂತಿದ್ದವು. ಬೆಟ್ಟಕ್ಕೆ ದೇವರೇ ಬೇಲಿ ಹಾಕಿದ್ದಾನೆ ಎಂದ ಹಿರಿಯ. ಗಾಳಿಯ ಸುಳಿವಿರಲಿಲ್ಲ. ಎತ್ತರದಲ್ಲಿ ಹೀಗೇ ಶಾಂತವಾಗಿರುತ್ತದೆ ಎಂದ. ಹುಲ್ಲೇನೋ ನಿಜವಾಗಿಯೂ ಮೊಣಕಾಲೆತ್ತರ ಬೆಳೆದಿತ್ತು. ಹಸುಗಳು ಬಿಂದಿಗೆ ತುಂಬ ಹಾಲು ಕೊಟ್ಟವು. ಅಷ್ಟು ಹಾಲು ಕಂಡವರಿಗೆ ಅನುಮಾನ ಪಡಲು ಮನಸ್ಸಾದರೂ ಎಲ್ಲಿಂದ ಬರಬೇಕು? ಅವರೂ ಅವನ ಕನಸಿನೊಳಗೆ ಗುಡಿಸಲು ಕಟ್ಟಿಕೊಂಡರು.

ಮಳೆ ಬಂತು. ಈ ವರ್ಷ ಹೊಳೆ ನಮ್ಮನ್ನು ಹುಡುಕಿ ಹುಡುಕಿ ಸುಸ್ತಾಗಬೇಕು ಎಂದು ಹಿರಿಯ ಬಾಗಿಲಲ್ಲಿ ಕುಳಿತು ನಕ್ಕ. ಮಳೆ ನಿಲ್ಲಲಿಲ್ಲ. ನೀರು ಎಡದಿಂದ ಬಂತು, ಬಲದಿಂದ ಬಂತು, ಹಿತ್ತಲಿನಿಂದಲೂ ಬಂತು. ಬಂದ ನೀರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಕಟ್ಟಿದ ಕರುಗಳು ಕೂಗತೊಡಗಿದವು. ಆಗ ಅವನು ಬೆಚ್ಚಿ ಎದ್ದ. ಹಗ್ಗ ಬಿಚ್ಚಿ, ಮಕ್ಕಳನ್ನು ಎತ್ತಿಕೊಂಡು, ಎಲ್ಲರೂ ಸಿಕ್ಕಿದ ಕಡೆ ಹತ್ತಿದರು. ಈ ಬಾರಿ ಅವನು ಕಾಲಿನಿಂದ ಹತ್ತಿದ.

ಮೇಲೆ ಹೋದಾಗ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಹಿಂತಿರುಗಿ ನೋಡಿದ. ಬೋಗುಣಿಯಂಥ ತಗ್ಗಿನ ತಳದಲ್ಲಿ ಗುಡಿಸಲುಗಳ ಮಾಡು ಮಾತ್ರ ಕಾಣುತ್ತಿತ್ತು. ಕೊನೆಯಲ್ಲಿ ಕಟ್ಟಿದ್ದ ಕರುಗಳು ಮೇಲೆ ಬರಲೇ ಇಲ್ಲ. ಒದ್ದೆಯಾದ ನಕ್ಷೆಯನ್ನು ಬಿಡಿಸಿದ. ಬೆಟ್ಟಕ್ಕೂ ತಗ್ಗಿಗೂ ಸುತ್ತುಗಳು ಒಂದೇ ಥರ. ಗೀರುಗಳು ಮಾತ್ರ ಒಳಮುಖವಾಗಿದ್ದವು, ನೀರು ಬಂದ ಹಾಗೆಯೇ. ಇದು ಇಳಿಯುವ ನೆಲ ಎಂದು ಅವು ಮೊದಲಿನಿಂದಲೂ ಹೇಳುತ್ತಿದ್ದವು. ಹಿರಿಯ ತನ್ನ ಹೆಂಡತಿಯ ಎದುರು, ಇಡೀ ಹಟ್ಟಿಯ ಎದುರು, ಬಿಕ್ಕಿ ಬಿಕ್ಕಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಆ ಹಿರಿಯನ ಮೇಲೆ ಕನಿಕರ ಉಕ್ಕಿತು.

"ಪಾಪ, ಗೀರು ಓದುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಒಳಗೆ ನಿಂತವನಿಗೆ ತಾನು ಬೆಟ್ಟದ ತುದಿಯಲ್ಲಿದ್ದೇನೋ ತಗ್ಗಿನ ತಳದಲ್ಲಿದ್ದೇನೋ ಹೇಗೆ ತಿಳಿಯಬೇಕು?"

ಗುರುಗಳು ಕೇಳಿದರು: "ಬೆಟ್ಟದ ಮೇಲೆ ಬಿದ್ದ ನೀರು ಸುತ್ತಲಿನವರಿಗೆ ಹರಿದುಹೋಗುತ್ತದೆ, ತಗ್ಗಿಗೆ ಬಂದದ್ದು ಅಲ್ಲೇ ನಿಲ್ಲುತ್ತದೆ. ನಿನ್ನ ಬಳಿಗೆ ಬಂದವರು ಮರಳಿ ಹೋಗುವಾಗ ಏನು ಕೊಂಡುಹೋದರು?"

ಶಿಷ್ಯ ಎಣಿಸಲು ಕೈ ಎತ್ತಿದ. ಒಂದು ಬೆರಳೂ ಮಡಿಯಲಿಲ್ಲ.