ಮೂರು ಸಳಿ ಕಬಾಬು

ಹುಸೇನಪ್ಪ ಉಸ್ತಾದರು ಹೊಳೆ ದಂಡೆಯಲ್ಲಿ ಕಬಾಬು ಸುಡುತ್ತಿದ್ದರು. ಶಿಷ್ಯ ಯಮನೂರನಿಂದ ಎಂಟು ವರ್ಷ ಬರೀ ಕೆಂಡ ಊದಿಸಿದರು. ಮಸಾಲೆ ಮಾತ್ರ ಮುಟ್ಟಗೊಡಲಿಲ್ಲ. ಬಲು ಬಿಗಿ ಮನುಷ್ಯ.

ಒಂದು ಮದುವೆ ಊಟದ ದಿನ ಕುಟ್ಟಾಣಿಯನ್ನು ಅವನ ಮುಂದಿಟ್ಟರು.

"ಇವತ್ತ ಮಸಾಲಿ ನಿಂದು."

ಯಮನೂರನ ಕಣ್ಣು ತುಂಬಿ ಬಂತು. ಖುಷಿಯಲ್ಲಿ ಮಾಂಸದ ಡಬರಿಯ ಮುಚ್ಚಳ ತೆಗೆದ. ತಟ್ಟನೆ ಮೂಗು ಮುಚ್ಚಿಕೊಂಡ.

ಹಿಂದಿನ ದಿನ ಅದನ್ನು ಮಂಜುಗಡ್ಡೆಯಲ್ಲಿ ಇಡಬೇಕಾದವನು ಅವನೇ. ಮರೆತಿದ್ದ. ವಾಸನೆ ಹೊಡೆಯುತ್ತಿತ್ತು.

ಹೇಳಿದರೆ ಕುಟ್ಟಾಣಿ ಹೋಗುತ್ತದೆ. ಇನ್ನೆಂಟು ವರ್ಷ ಯಾರು ಕಾಯಬೇಕು?

ಜೀರಿಗೆ, ಒಣಮೆಣಸಿನಕಾಯಿ ಹುರಿದ. ಲವಂಗ, ಚಕ್ರಮೊಗ್ಗು ಹಿಡಿಗಟ್ಟಲೆ ಸುರಿದು ಕುಟ್ಟಿದ. ಮಾಂಸಕ್ಕೆ ತಿಕ್ಕಿ ತಿಕ್ಕಿ ಹಚ್ಚಿದ. ಕಬ್ಬಿಣದ ಸಳಿಗೆ ಪೋಣಿಸಿ ಕೆಂಡದ ಮೇಲಿಟ್ಟ. ಹಾಳಾದ್ದು, ಘಮ್ಮೆಂದಿತು!

ಆಚೆ ಚಪ್ಪರದಲ್ಲಿ ಮೊದಲ ಪಂಕ್ತಿಗೆ ಮಕ್ಕಳು ಕೂತಾಗಿತ್ತು. ಯಮನೂರ ತಾಟು ಎತ್ತಿಕೊಂಡ.

"ತಡಿ," ಎಂದರು ಉಸ್ತಾದರು. "ಮದಲ ನಾ ತಿಂತೀನಿ."

ಒಂದು ಸಳಿ ತಿಂದರು.

"ಲವಂಗ ಭಾಳ ಆತಲ್ಲೋ?"

"ಘಮ ಬರಲಿ ಅಂತ, ಉಸ್ತಾದ."

ಎರಡನೆಯದು ತಿಂದರು.

"ಚಕ್ರಮೊಗ್ಗು?"

"ಅದೂ... ಘಮಕ್ಕರೀ."

ಮೂರನೆಯದನ್ನೂ ಕೊನೆಯ ತುಂಡಿನವರೆಗೆ ತಿಂದರು. ಉಸ್ತಾದರು ನಾಲ್ಕನೆಯದಕ್ಕೆ ಕೈ ಚಾಚಿದರು.

"ಬ್ಯಾಡ್ರೀ! ಮಾಂಸ ಕೆಟ್ಟೈತ್ರೀ! ನಿಮ್ಮ ಕಾಲು ಹಿಡೀತೀನಿ, ಬ್ಯಾಡ್ರೀ!"

ಉಸ್ತಾದರು ಕೈ ತೊಳೆದುಕೊಂಡರು.

ಮಾಂಸವನ್ನೆಲ್ಲ ದಂಡೆಯಲ್ಲಿ ಹೂತರು. ಮದುವೆಗೆ ಬಂದವರು ಅನ್ನ ಸಾರು ಉಂಡು, ಬಾಯಿಗೆ ಬಂದಂತೆ ಬೈದು ಹೋದರು.

ಸಂಜೆಯೇ ಉಸ್ತಾದರಿಗೆ ವಾಂತಿ ಶುರುವಾಯಿತು. ಎರಡು ದಿನ ನಿಲ್ಲಲೇ ಇಲ್ಲ. ವಯಸ್ಸಾದ ಜೀವ, ಗುಟುಕು ನೀರೂ ದಕ್ಕಲಿಲ್ಲ. ಉಳಿಯುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದರು.

ಯಮನೂರ ಅವರ ಕಾಲ ಬಳಿ ಕೂತು ಬಿಕ್ಕಿದ.

"ಮದಲನೇ ತುತ್ತಿಗೇ ನಿಮಗ ಗೊತ್ತಾಗಿತ್ತು, ಹೌದಲ್ರೀ?"

"ಡಬರಿ ಮುಚ್ಚಳ ತಗದಾಗಲೇ ಗೊತ್ತಾಗಿತ್ತು."

"ಮತ್ತ್ಯಾಕ ತಿಂದ್ರಿ? ಎರಡು ಏಟು ಹಾಕಿ ಓಡಿಸಬೇಕಿತ್ತು ನನ್ನ!"

ಉಸ್ತಾದರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು.

"ನೀನಾಗೇ ಹೇಳ್ಲಿ ಅಂತ ಕಾದೆ. ನೀ ಬಾಯಿ ಬಿಡೋದ್ರಾಗ ಮೂರು ಸಳಿ ಖಾಲಿ ಆದವು. ಪಂಕ್ತ್ಯಾಗ ಆ ಮೂರು ಯಾವ ಮಕ್ಕಳಿಗೆ ಹೋಗ್ತಿದ್ದವು, ಹೋಗಿ ಅವರ ಮಾರಿ ನೋಡಿ ಬಾ. ಆಮ್ಯಾಲೆ ಕುಟ್ಟಾಣಿ ಮುಟ್ಟು."