ನಲ್ಲಿಯ ಕೆಳಗಿನ ಒದ್ದೆ ನೆಲ

ಬನ್ನಿ ಮಕ್ಕಳೇ, ಹತ್ತಿರ ಬಂದು ಕೂತುಕೊಳ್ಳಿ. ಏಯ್, ಆ ಗುಸುಗುಸು ಸಾಕು. ಈ ಕತೆ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಒಂದು ಕುರುಚಲು ಕಾಡು. ಅಲ್ಲಿನ ಗುಡ್ಡದ ಮೇಲೆ ಎಂದೂ ಬತ್ತದ ಒರತೆ. ಗುಡ್ಡವೋ ಬಲು ಕಡಿದು, ಸಣ್ಣ ಪ್ರಾಣಿಗಳು ಹತ್ತಲಾರವು. ಅವು ಕುಡಿಯಬೇಕಾದದ್ದು ಕೆಳಗಿನ ಮಡುವಿನ ನೀರನ್ನೇ. ಆ ಮಡುವಿನಲ್ಲಿ ಮೊಸಳೆ! ನೀರಿಗೆ ಹೋದವರಲ್ಲಿ ಕೆಲವರು ಮನೆಗೆ ಮರಳುತ್ತಲೇ ಇರಲಿಲ್ಲ.

ಸಿಂಹರಾಜನಿಗೆ ದೂರು ಹೋಯಿತು. ಒರತೆಯಿಂದ ಮನೆಮನೆಗೆ ಕೊಳವೆ ಹಾಕಿಸಲು ರಾಜ ಹಣ ಮಂಜೂರು ಮಾಡಿದ. ಅರ್ಧ ಅನುದಾನ, ಅರ್ಧ ಸಾಲ. ಸಾಲವನ್ನು ಪ್ರತಿ ಮನೆಯೂ ಸುಗ್ಗಿಯಲ್ಲಿ ಕಾಳು ಕೊಟ್ಟು ತೀರಿಸಬೇಕು. ಕೆಲಸ ಮಾಡಿಸುವ ಹೊಣೆ ಕಾಡಿನ ಪಂಚಾಯಿತಿ ಅಧ್ಯಕ್ಷ ನರಿ ಸಿಂಗಾರಯ್ಯನದು.

ಸಿಂಗಾರಯ್ಯ ಏನು ಮಾಡಿದ ಗೊತ್ತೇ? ಒರತೆಯಿಂದ ನೆಟ್ಟಗೆ ತನ್ನ ಗವಿಗೆ ಕೊಳವೆ ಎಳೆಸಿ, ಅಂಗಳದಲ್ಲಿ ಈಜುಕೊಳ ಕಟ್ಟಿಸಿಕೊಂಡ. ಮಿಕ್ಕವರ ಮನೆ ಮುಂದೆ ಬರೀ ನಲ್ಲಿ ನೆಟ್ಟ. ಅದರ ಬುಡದಲ್ಲಿ ಕೊಳವೆಯೂ ಇಲ್ಲ, ಗಿಳವೆಯೂ ಇಲ್ಲ!

"ಅಧ್ಯಕ್ಷರೇ, ನೀರು ಯಾವಾಗ?" ಎಂದು ಕೇಳಿದಳು ಮೊಲ ಚಿಗುರಮ್ಮ.

"ಬರುತ್ತೆ ಕಣಮ್ಮ. ನೀರಿಗೂ ದಾರಿ ಹುಡುಕೋಕೆ ಹೊತ್ತು ಬೇಡವೇ?"

ಸುಗ್ಗಿ ಬಂತು. ಎಲ್ಲರೂ ಕಾಳು ಕೊಟ್ಟರು. ನೀರು ಬರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು: ಕೆಲಸ ನೋಡಲು ರಾಜನ ಕಡೆಯಿಂದ ಆನೆ ಸಾಹೇಬರು ಬರುತ್ತಾರಂತೆ. ಸಿಂಗಾರಯ್ಯ ಎಲ್ಲರನ್ನೂ ಕೂಡಿಸಿದ.

"ಮಡುವಿಂದ ನೀರು ತಂದು ನಿಮ್ಮ ನಿಮ್ಮ ನಲ್ಲಿ ಕೆಳಗೆ ಸುರೀರಿ. ನೆಲ ಒದ್ದೆ ಇರಬೇಕು. ಕೇಳಿದರೆ, ಬೆಳಿಗ್ಗೆ ಬಂತು ಅನ್ನಿ. ಇಲ್ಲದಿದ್ದರೆ ಈ ಕಾಡಿಗೆ ಇನ್ನೊಂದು ಕಾಸೂ ಬರಲ್ಲ, ನೆನಪಿರಲಿ!"

"ಅದೂ ನಿಜವೇ," ಎಂದ ಮುಳ್ಳುಹಂದಿ ಭರಮಣ್ಣ. "ದೊಡ್ಡವರನ್ನು ಯಾಕೆ ಎದುರು ಹಾಕಿಕೊಳ್ಳೋದು?"

ನೋಡಿ ಮಕ್ಕಳೇ, ನನ್ನ ಮೈ ಉರಿಯೋದು ಇಲ್ಲೇ! ಕಳ್ಳ ಕದ್ದ, ಸರಿ. ಆ ಕಳವು ಮುಚ್ಚೋಕೆ ನೀರು ಹೊತ್ತವರು ಯಾರು? ಬಾಯಾರಿದವರೇ!

ಚಿಗುರಮ್ಮನೂ ಹೊರಟಳು. ಅವಳ ಮಗಳು ಬೆಳ್ಳಿ ಸೋರೆಬುರುಡೆ ಹಿಡಿದು ಮುಂದೆ ಓಡಿದಳು. ಬುರುಡೆ ಮುಳುಗಿಸಿದ್ದೇ ತಡ, ಮೊಸಳೆ ಬಾಯಿ ಹಾಕಿತು. ತಾಯಿ ಜೀವದ ಹಂಗು ತೊರೆದು ಎಳೆದಳು. ಮಗು ಉಳಿಯಿತು, ಮಗುವಿನ ಹಿಂಗಾಲು ಉಳಿಯಲಿಲ್ಲ.

ಆನೆ ಸಾಹೇಬರು ಬಂದರು. ಒದ್ದೆ ನೆಲ ನೋಡಿ ತಲೆದೂಗಿದರು. "ಭೇಷ್! ನೀರು ಚೆನ್ನಾಗಿ ಬರುತ್ತಾ?"

"ಬೆಳಿಗ್ಗೆ ಬಂತು ಸಾಹೇಬರೇ," ಎಂದ ಭರಮಣ್ಣ, ಮುಖ ತಗ್ಗಿಸಿ.

ಚಿಗುರಮ್ಮನ ನಲ್ಲಿಯ ಕೆಳಗೆ ಮಾತ್ರ ನೆಲ ಒಣಗಿತ್ತು. ಸಿಂಗಾರಯ್ಯ ಹಲ್ಲು ಕಡಿದ. "ಏನಮ್ಮ, ಮನೆ ಮುಂದೆ ನೀರು ಬಂದರೂ ಹಿಡಿಯೋಕೆ ಸೋಮಾರಿತನವೇ?"

"ನಿನ್ನ ನೀರಿಗೆ ನನ್ನ ಮಗಳ ಕಾಲು ಕೊಟ್ಟು ಬಂದಿದ್ದೇನೆ ಕಣೋ!" ಚಿಗುರಮ್ಮ ಕೂಗಿದಳು. "ಸಾಹೇಬರೇ, ಈ ಒದ್ದೆಯೆಲ್ಲ ಮಡುವಿನ ನೀರು. ಆ ನಲ್ಲಿ ಕಿತ್ತು ನೋಡಿ. ಕೊಳವೆ ಸಿಕ್ಕರೆ ನನ್ನನ್ನೇ ಮೊಸಳೆಗೆ ಹಾಕಿ!"

"ಪಾಪ, ಮಗಳ ದುಃಖಕ್ಕೆ ತಲೆ ಕೆಟ್ಟಿದೆ," ಎಂದ ನರಿ.

ಆನೆ ಸೊಂಡಿಲು ಹಾಕಿ ಎಳೆದರೆ ನಲ್ಲಿ ಮೂಲಂಗಿಯಂತೆ ಕಿತ್ತು ಬಂತು. ಬುಡದಲ್ಲಿ ಬರೀ ಮಣ್ಣು.

"ನಮ್ಮದೂ ಹಾಗೇ!" "ನಮ್ಮದೂ!" ಆಗ ಒಬ್ಬೊಬ್ಬರೇ ಬಾಯಿ ಬಿಟ್ಟರು. ಮೊದಲೇ ಹೇಳೋಕೆ ನಾಲಿಗೆಗೆ ಏನಾಗಿತ್ತೋ!

"ಹಾಗಾದರೆ ಒರತೆಯ ನೀರೆಲ್ಲಿ?" ಆನೆ ಗುಡುಗಿತು. ಚಿಗುರಮ್ಮ ನರಿಯ ಗವಿ ತೋರಿಸಿದಳು.

ಆಮೇಲೆ? ನರಿಯ ಈಜುಕೊಳವೇ ಕಾಡಿನ ತೊಟ್ಟಿಯಾಯಿತು, ಅಲ್ಲಿಂದ ಮನೆಮನೆಗೂ ನಿಜವಾದ ಕೊಳವೆ ಹೋಯಿತು. ಸಿಂಗಾರಯ್ಯನಿಗೆ ಮಾತ್ರ ನಲ್ಲಿ ಇಲ್ಲ. ಅವನು ಮಡುವಿಗೆ ಹೋದದ್ದನ್ನು ನೋಡಿದವರಿದ್ದಾರೆ, ಬಂದದ್ದನ್ನು ನೋಡಿದವರಿಲ್ಲ. ಒದ್ದೆ ನೆಲಕ್ಕೆ ತಲೆದೂಗಿದ್ದಕ್ಕೆ ರಾಜನಿಂದ ಬೈಸಿಕೊಂಡ ಆನೆ ಸಾಹೇಬರು ಈಗ ಪ್ರತಿ ನಲ್ಲಿಯ ನೀರನ್ನೂ ಕುಡಿದೇ ಮುಂದೆ ಹೋಗುತ್ತಾರೆ. ಭರಮಣ್ಣ ಬೆಳ್ಳಿ ಎದುರಾದರೆ ದಾರಿ ಬಿಟ್ಟು ಹೋಗುತ್ತಾನೆ. ಚಿಗುರಮ್ಮ ಮನೆ ಮುಂದೆಯೇ ನೀರು ಹಿಡಿಯುತ್ತಾಳೆ, ಬೆಳ್ಳಿ ಮೂರು ಕಾಲಲ್ಲಿ ಕುಂಟುತ್ತ ಬರುತ್ತಾಳೆ. ರಾಜ ಸಾಲವನ್ನೇನೋ ಮನ್ನಾ ಮಾಡಿದ. ಹೋದ ಕಾಲನ್ನು ಯಾವ ರಾಜ ಮಂಜೂರು ಮಾಡಿಯಾನು?

ನೀತಿ: ಕದಿಯುವವನು ಒಬ್ಬನೇ ಇರಬಹುದು, ಅವನ ಕಳವು ಮುಚ್ಚಲು ಬಾಯಿ ಮುಚ್ಚಿಕೊಂಡು ನೀರು ಹೊರುವವರು ಇರುವ ತನಕ ಊರಿಗೆ ನೀರು ಬರುವುದಿಲ್ಲ.